ತಲೆಯ ಮೇಲಿನ ಬಟ್ಟೆ

ಮೊದಲನೆಯ ಸ್ಕ್ರೂ ಬಿಚ್ಚುವಷ್ಟರಲ್ಲೇ ಜಿಪಾರ್‌ಕುಲ್ ಮನಸ್ಸಿನೊಳಗೆ ಗಂಡನ ಅಣ್ಣನ ಜೊತೆ ಜಗಳ ಶುರುಮಾಡಿಯಾಗಿತ್ತು. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿದ್ದ ಕಾರಿನ ಮುಂದಿನ ಸೀಟಿನಲ್ಲಿ ಕತ್ತನ್ನು ಹಿಂದಕ್ಕೆ ಚೆಲ್ಲಿ ಕೂತು, ಗಾಜಿನ ಮೇಲಿನ ಬಿಸಿಲುಪಟ್ಟಿಯ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ ತಿರುಗಿಸುತ್ತಿದ್ದಳು. ಕಾರಿನ ಒಳಚಾವಣಿಯ ಬಟ್ಟೆ ಅವಳ ಮೂಗಿನ ಮುಂದೆಯೇ ಮುದಿ ಹಸುವಿನ ಕೆಚ್ಚಲಿನಂತೆ ಜೋತುಬಿದ್ದಿತ್ತು. ಮೂರು ಚಳಿಗಾಲದಿಂದ ಅದು ಸ್ವಲ್ಪಸ್ವಲ್ಪವೇ ಇಳಿಯುತ್ತ ಬಂದಿತ್ತು. ಇಳಿದಲ್ಲೆಲ್ಲ ಅವಳು ಹೊಲಿಗೆ ಡಬ್ಬಿಯಿಂದ ಗುಂಡುಪಿನ್ನು ತಂದು ಚುಚ್ಚಿದ್ದಳು. ಪಿನ್ನುಗಳು ಹಿಡಿದಷ್ಟು ದಿನ ಹಿಡಿದು, ರಸ್ತೆಯ ಗುಂಡಿಗೆ ಕಾರು ಎಗರಿದಾಗ ಒಂದೊಂದಾಗಿ ಉದುರಿ, ಕೂತವರ ಕಾಲರಿನೊಳಗೆ ಸೇರಿಕೊಳ್ಳುತ್ತಿದ್ದವು. ಆಗ ಅವರು ಅಯ್ಯೋ ಎಂದು ಕತ್ತು ತಡವಿಕೊಳ್ಳುತ್ತಿದ್ದರು, ಅವಳು ಕ್ಷಮೆ ಕೇಳುತ್ತಿದ್ದಳು. ಪುಕ್ಕಟೆಯಾಗಿ ಕೂರಿಸಿಕೊಂಡು ಹೋಗುವವಳೇ ಕ್ಷಮೆಯನ್ನೂ ಕೇಳಬೇಕು. ಅದು ಯಾವ ನ್ಯಾಯ ಎಂದು ಅವಳು ಈಗ ಬಿಸಿಲುಪಟ್ಟಿಯನ್ನು ಕೇಳಿದಳು. ಅದು ಕಿತ್ತುಬಂದು ಅವಳ ಮಡಿಲಿಗೆ ಬಿತ್ತು.

ಗುರುವಾರ ಭಾವನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಭಾವನ ಮಗಳು ಬೆಗಾಯಿಂಳ ಮದುವೆ. ಭಾನುವಾರ ಬೆಳಿಗ್ಗೆ ತಮ್ಮೂರು ಬಾಲಿಕ್ಚಿಯಿಂದ ಗಂಡಿನ ಊರು ಕರಾಕೋಲಿಗೆ, ಸರೋವರದ ದಂಡೆ ಹಿಡಿದು, ಹೆಣ್ಣಿನ ಕಡೆಯವರ ಕಾರುಗಳು ಸಾಲಾಗಿ ಹೊರಡಬೇಕು. ಯಾರ ಕಾರು ಮೊದಲು, ಯಾರ ಕಾರಲ್ಲಿ ಹಿರಿಯರು, ಯಾರ ಕಾರಲ್ಲಿ ಹಾಸಿಗೆ ಕಂಬಳಿಗಳು ಎಂದು ಮಾತಾಡುತ್ತಿದ್ದರು. ಜಿಪಾರ್‌ಕುಲ್ ಚಹಾದ ಬಟ್ಟಲು ಕೊಡುತ್ತ, ತನ್ನದು ಹಿಂದುಗಡೆ ಎತ್ತುವ ಬಾಗಿಲಿರುವ ಉದ್ದನೆಯ ಕಾರು, ಸಾಮಾನಿಗೆ ಅನುಕೂಲ ಎಂದಳು. ಭಾವ ಬಟ್ಟಲು ತೆಗೆದುಕೊಂಡ. ಆಮೇಲೆ, "ನಿಂದು ಬೇಡ ಕಣಮ್ಮ. ಅದು ಕಾರಾ? ಕಂಬ ಮುರಿದ ಡೇರೆ ಅದು. ಬೀಗರ ಮುಂದೆ ಒಂದ್ಸಲ ಮಾನ ಹೋಗಿರೋದು ಸಾಕು," ಎಂದ. ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ವಾರ ಮಾತುಕತೆಗೆ ಬಂದಿದ್ದ ಗಂಡಿನ ಸೋದರತ್ತೆಯನ್ನು ಜಿಪಾರ್‌ಕುಲ್ ಬಸ್‌ಸ್ಟ್ಯಾಂಡಿನಿಂದ ಕರೆತಂದಿದ್ದಳಲ್ಲ, ಆಗ ಬಟ್ಟೆ ಪೂರ್ತಿ ಇಳಿದು ಆಕೆಯ ಬಿಳಿ ತಲೆವಸ್ತ್ರದ ಮೇಲೆ ಕೂತು ಹಳದಿ ಪುಡಿ ಉದುರಿಸಿದ್ದನ್ನು, ಊಟದ ಹಾಸಿನ ಮೇಲಿದ್ದ ಕೈವಸ್ತ್ರವನ್ನು ತನ್ನ ತಲೆಗೆ ಹಾಕಿಕೊಂಡು, ಕಣ್ಣು ಪಿಳಿಪಿಳಿ ಬಿಟ್ಟು ತೋರಿಸಿದ. ಮನೆಯೆಲ್ಲ ನಕ್ಕಿತು. ಭಾವನ ಹೆಂಡತಿ, ಓರಗಿತ್ತಿ ಸೊನುನ್, ಚಹಾ ಕಾಯಿಸುವ ಸಮೊವಾರಿನ ಕಡೆ ಮುಖ ತಿರುಗಿಸಿಕೊಂಡಳು, ಆದರೆ ಅವಳ ಹೆಗಲೂ ಕುಲುಕುತ್ತಿತ್ತು. ಜಿಪಾರ್‌ಕುಲ್ ಗಂಡನ ಕಡೆ ನೋಡಿದಳು. ಮೆದೆರ್ ಬಾಯಿ ತುಂಬ ರೊಟ್ಟಿಯಿಟ್ಟುಕೊಂಡು ನಗುತ್ತಿದ್ದ. ನಕ್ಕು ನಕ್ಕು ಕೆಮ್ಮು ಬಂದು, ಪಕ್ಕದವರು ಅವನ ಬೆನ್ನು ತಟ್ಟುತ್ತಿದ್ದರು.

ಮೇಲಿನ ದೀಪದ ಗಾಜನ್ನು ಉಗುರಿನಲ್ಲಿ ಮೀಟಿ ತೆಗೆದಳು. ಬಾಗಿಲುಗಳ ಮೇಲಿನ ಹಿಡಿಗಳನ್ನು ಬಿಚ್ಚಿದಳು. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಯಾವುದು ಎಲ್ಲಿಯದೆಂದು ಕಲೆಸಿಹೋಗದಂತೆ ಬೇರೆಬೇರೆ ಚಹಾ ಬಟ್ಟಲುಗಳಲ್ಲಿ ಹಾಕಿಟ್ಟಳು. ಶುಕ್ರವಾರ ರಿಪೇರಿ ಅಂಗಡಿಗೆ ಹೋದಾಗ ಸೀಟು ಹೊಲಿಯುವವನು ಅವಳ ಮುಖ ನೋಡಿರಲಿಲ್ಲ. ಕಾರಿನೊಳಗೆ ತಲೆಹಾಕಿ ಆಚೆ ತೆಗೆದು, "ನಿಮ್ ಯಜಮಾನ್ರನ್ನ ಕಳ್ಸಿ, ಮಾತಾಡ್ತೀನಿ," ಎಂದಿದ್ದ. "ಕಾರು ನಂದು," ಎಂದಳು. "ಹೌದಾ? ಆದ್ರೂ ಕಳ್ಸಿ," ಎಂದ. ಅಲ್ಲಿಂದ ಸೀದಾ ಬಜಾರಿಗೆ ಹೋಗಿ, ಹಿಂಬದಿಗೆ ತೆಳ್ಳನೆಯ ಸ್ಪಂಜು ಅಂಟಿಸಿದ ಬೂದುಬಣ್ಣದ ಬಟ್ಟೆಯನ್ನೂ, ಬಿಸಿಲಿಗೆ ಬಿಡದ ಅಂಟಿನ ಡಬ್ಬಿಗಳನ್ನೂ ಕೊಂಡು ತಂದಳು. ಫೋನಿನಲ್ಲಿ ಬೋಳುತಲೆಯ ರಷ್ಯನ್ ಒಬ್ಬ ಈ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸುತ್ತಿದ್ದ. ಒತ್ತಬೇಡಿ, ಸವರಿ, ಆತುರಪಡಬೇಡಿ ಎನ್ನುತ್ತಿದ್ದ. ಇಷ್ಟು ಮೆತ್ತಗೆ ತನ್ನ ಜೊತೆ ಯಾವ ಗಂಡಸೂ ಮಾತಾಡಿದ್ದಿಲ್ಲವೆಂದು ಅನ್ನಿಸಿ, ಅದಕ್ಕೂ ಅವಳಿಗೆ ಸಿಟ್ಟು ಬಂದಿತ್ತು.

ಮೆದೆರ್ ಚಹಾದ ಬಟ್ಟಲು ಹಿಡಿದು ಅಂಗಳಕ್ಕೆ ಬಂದ. ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಗಳು ಸತ್ತ ಹಾವಿನ ಹಾಗೆ ನೆಲದ ಮೇಲೆ ಬಿದ್ದದ್ದನ್ನು ನೋಡಿ, ದಾಟಿಕೊಂಡು ಬಂದು ನಿಂತ.

"ಏನ್ ಮಾಡ್ತಿದ್ದೀಯ ಜಿಪಾರ್?"

"ಕಾಣ್ತಿಲ್ವಾ."

"ನಾನೇ ಮಾಡ್ತೀನಿ ಅಂದಿದ್ನಲ್ಲ."

"ಯಾವಾಗ ಅಂದಿದ್ರಿ?"

"ಅಂದಿದ್ದೆ ಮಾರಾಯ್ತಿ."

"ನಿಮ್ಮಮ್ಮ ಇದ್ದಾಗ ಅಂದಿದ್ರಿ."

ಮೆದೆರ್ ಚಹಾ ಊದಿಕೊಂಡು ಕುಡಿದ. ಅವನಿಗೆ ಆ ಮಾತು ತಾಗಿತೋ ಇಲ್ಲವೋ, ಅವಳಿಗೇ ತಾಗಿತು. ಅತ್ತೆ ಇದ್ದಾಗಿನ ಆ ದಿನ, ಬೋಮ್ ಕಣಿವೆಯಲ್ಲಿ ಲಾರಿಗಳ ಹಿಂದೆ ಲಾರಿಗಳು. ಎಡಕ್ಕೆ ಬಂಡೆ, ಬಲಕ್ಕೆ ಕೆಳಗೆ ಚೂ ನದಿ. ಹಿಂದಿನ ಸೀಟು ಮಡಚಿ ಕಂಬಳಿ ಹಾಸಿ ಅತ್ತೆಯನ್ನು ಮಲಗಿಸಿತ್ತು. ರಾಜಧಾನಿಯ ಆಸ್ಪತ್ರೆಗೆ ಅದು ಎಷ್ಟನೆಯ ಸಲವೋ. ಪಕ್ಕದ ಸೀಟಿನಲ್ಲಿ ಮೆದೆರ್ ಬಾಯಿ ತೆರೆದು ನಿದ್ದೆಹೋಗಿದ್ದ. ಹಿಂದಿನಿಂದ ಅತ್ತೆಯ ದನಿ ಬಂತು: "ಏನೋ ಮುಖದ ಮೇಲೆ ಇಳೀತಾ ಇದೆ ಮಗಳೇ. ತೆಗಿ ಅದನ್ನ." ಹಿಂದೆ ತಿರುಗಿ ನೋಡುವ ಹಾಗಿರಲಿಲ್ಲ, ಎದುರಿನಿಂದ ಕಲ್ಲಿದ್ದಲಿನ ಲಾರಿ ಬರುತ್ತಿತ್ತು. "ಏನಿಲ್ಲ ಅತ್ತೆ, ಕಣ್ಮುಚ್ಕೊಳ್ಳಿ," ಎಂದಳು. ಎರಡನೆಯ ಸಲ ಕೇಳಿದಾಗ ದನಿ ಬಿರುಸಾಯಿತು: "ಕಣ್ಮುಚ್ಕೊಳ್ಳಿ ಅಂದ್ನಲ್ಲ." ಆಮೇಲೆ ಅತ್ತೆ ಕೇಳಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ದಾದಿಯೊಬ್ಬಳು ಆಕೆಯ ಹುಬ್ಬಿನ ಮೇಲಿನ ಹಳದಿ ಪುಡಿಯನ್ನು ಹತ್ತಿಯಿಂದ ಒರೆಸಿ, ಇದೇನು ಔಷಧವಾ ಎಂದು ಕೇಳಿದ್ದಳು. ಅತ್ತೆ ಅಲ್ಲಿಂದ ಎದ್ದು ಬರಲಿಲ್ಲ. ಆ ಬಟ್ಟೆಯನ್ನು ಅವತ್ತೇ ಕಿತ್ತೆಸೆಯಬೇಕಾಗಿತ್ತು. ಎಸೆಯದೆ ಇನ್ನಷ್ಟು ಪಿನ್ನು ಚುಚ್ಚಿದವಳು ತಾನೇ ಅಲ್ಲವೇ? ಆದರೆ ಮಗ ಎಂಬುವನು ಪಕ್ಕದಲ್ಲೇ ಇದ್ದನಲ್ಲ, ಅವನು ಕೈ ಹಿಂದಕ್ಕೆ ಚಾಚಿದ್ದರೆ ಸಾಕಿತ್ತಲ್ಲ. ಅಣ್ಣ ಎಂಬುವನಂತೂ ತಾಯಿಗೆ ಕಾರು ಕಳಿಸಿ ಅಂದಾಗ ನನ್ನದು ಈಗಷ್ಟೇ ಸರ್ವೀಸು ಆಗಿದೆ ಅಂದನಲ್ಲ. ತನ್ನ ತಪ್ಪನ್ನು ಹುಡುಕಿಕೊಂಡು ಹೋದಾಗಲೆಲ್ಲ ಜಿಪಾರ್‌ಕುಲ್‌ಗೆ ದಾರಿಯಲ್ಲಿ ಈ ಇಬ್ಬರೂ ಅಡ್ಡ ಸಿಗುತ್ತಿದ್ದರು, ಸಿಕ್ಕಿದ್ದು ಒಳ್ಳೆಯದೇ ಆಯಿತೆಂದು ಅವಳು ಅಲ್ಲೇ ನಿಂತುಬಿಡುತ್ತಿದ್ದಳು.

ಚಾವಣಿಯ ಹಲಗೆ, ಹಲಗೆಯೆಂದರೆ ಒತ್ತಿ ಮಾಡಿದ ದಪ್ಪ ರಟ್ಟು, ಈಗ ಎರಡು ಕ್ಲಿಪ್ಪುಗಳ ಮೇಲೆ ಮಾತ್ರ ನಿಂತಿತ್ತು. ಒಬ್ಬರು ಮುಂದೆ, ಒಬ್ಬರು ಹಿಂದೆ ಹಿಡಿದು, ಬಾಗಿಸದೆ ಹಿಂದಿನ ಬಾಗಿಲಿನಿಂದ ಆಚೆ ತೆಗೆಯಬೇಕೆಂದು ಬೋಳುತಲೆಯವನು ಹೇಳಿದ್ದ. ಜಿಪಾರ್‌ಕುಲ್ ಗಂಡನನ್ನು ನೋಡಿದಳು. ಮೆದೆರ್ ಬಟ್ಟಲನ್ನು ಎಲ್ಲಿಡಲಿ ಎಂದು ಸುತ್ತ ನೋಡಿದ. ಇಡುವ ಜಾಗಗಳಲ್ಲೆಲ್ಲ ಸ್ಕ್ರೂ ತುಂಬಿದ ಬಟ್ಟಲುಗಳಿದ್ದವು. ಅವನು ಜಾಗ ಹುಡುಕುತ್ತಿದ್ದಂತೆಯೇ ಅವಳು ಕ್ಲಿಪ್ಪುಗಳನ್ನು ಕಿತ್ತಳು. ಹಲಗೆ ಅವಳ ನೆತ್ತಿಯ ಮೇಲೆ ಕೂತಿತು. ತಲೆಯಿಂದಲೇ ಹೊತ್ತು, ಮಂಡಿಯೂರಿ ಹಿಂದಕ್ಕೆ ಸರಿಯುತ್ತ ಹೋದಳು. ಹಿಂದಿನ ಬಾಗಿಲಿಗೆ ಬಂದಾಗ ಎಲ್ಲಿಯೋ ಲಟಕ್ಕೆಂದಿತು.

"ನೋಡು, ಮುರೀತು. ನಾನು ಹೇಳ್ಬೇಕು ಅಂತಿದ್ದೆ," ಎಂದ ಮೆದೆರ್.

 ಜಿಪಾರ್‌ಕುಲ್ ಉತ್ತರ ಕೊಟ್ಟಿದ್ದರೆ ಇಪ್ಪತ್ತಾರು ವರ್ಷದ ಸಂಸಾರದ್ದೆಲ್ಲ ಒಟ್ಟಿಗೆ ಬಾಯಿಗೆ ಬರುತ್ತಿತ್ತು. ಹಲಗೆಯನ್ನು ಅಂಗಳದ ಹಲಗೆಮಂಚದ ಮೇಲೆ ಬಟ್ಟೆಯ ಕಡೆ ಮೇಲಾಗುವಂತೆ ಹಾಕಿದಳು. ಮೂಲೆಯಿಂದ ಹಳೆಯ ಬಟ್ಟೆ ಹಿಡಿದು ಎಳೆದಳು. ಅದು ತಡೆಯದೆ, ಇಷ್ಟು ದಿನ ಕಾದಿದ್ದೆ ಎನ್ನುವಂತೆ, ಒಂದೇ ಸಮ ಕಳಚಿ ಬಂತು. ಅದರ ಹಿಂದಿನ ಸ್ಪಂಜು ಎಂದೋ ಸತ್ತು ಕಡಲೆಹಿಟ್ಟಾಗಿತ್ತು. ತಲೆವಸ್ತ್ರವನ್ನು ಮೂಗಿಗೆ ಬಿಗಿದುಕೊಂಡು, ಒಳಗಿನಿಂದ ಗಂಡನ ಬೂಟಿನ ಬ್ರಷ್ಷು ತಂದು, ಬೇಕೆಂದೇ ಅದನ್ನೇ ತಂದು, ಹಲಗೆಯನ್ನು ಉಜ್ಜತೊಡಗಿದಳು. ಪುಡಿ ಎದ್ದು ರೆಪ್ಪೆಗೆ, ಕಿವಿಗೆ, ಕೊರಳಿಗೆ ತುಂಬಿತು. ನೆಲದ ಮೇಲೆ ಬಿದ್ದಿದ್ದ ಹಳೆಯ ಬಟ್ಟೆಯಲ್ಲಿ ಅಲ್ಲಲ್ಲಿ ಕಪ್ಪು ಕಲೆಗಳಿದ್ದವು. ಮೊದಲು ಮಸಿಯೆಂದುಕೊಂಡಳು. ಆಮೇಲೆ ಗೊತ್ತಾಯಿತು, ತಲೆಗಳು. ಬಟ್ಟೆ ಇಳಿದ ಮೇಲೆ ಕೂತವರ ತಲೆಯ ಜಿಡ್ಡು ಹತ್ತಿದ ಗುರುತುಗಳು. ಇದು ನನ್ನದು, ಸ್ಟಿಯರಿಂಗಿನ ಮೇಲಿನದು. ಹಿಂದೆ ಎಡಗಡೆಯದು ಬೆಗಾಯಿಂಳದ್ದು; ಕಾಲೇಜಿಗೆ ಎರಡು ಚಳಿಗಾಲ ನಾನೇ ಬಿಟ್ಟು ಬರುತ್ತಿದ್ದೆನಲ್ಲ. ಮುಂದಿನ ಸೀಟಿನ ಮೇಲಿನ ದೊಡ್ಡ ಕಲೆ ಯಾರದು? ಮೆದೆರ್ ಕುಳ್ಳ, ಅವನ ತಲೆ ಮುಟ್ಟುವುದಿಲ್ಲ. ಎಲ್ಲಿಗೆ ಹೊರಟರೂ ಕೇಳದೆ ಮುಂದಿನ ಸೀಟಿಗೇ ಬಂದು ಕೂರುವ, ತಲೆಗೆ ಗಮಗಮ ಎಣ್ಣೆ ಹಚ್ಚುವ, ಎತ್ತರದ ಮನುಷ್ಯ ಆ ಮನೆಯಲ್ಲಿ ಒಬ್ಬನೇ. ಕುರಿ ಕೊಳ್ಳಲು ಸಂತೆಗೆ, ಹಲ್ಲು ಕೀಳಿಸಲು ದವಾಖಾನೆಗೆ, ತನ್ನ ಕಾರು ಕೊಳೆಯಾಗುತ್ತದೆಂದು ನಾಲ್ಕಾರು ಮೂಟೆ ಆಲೂಗಡ್ಡೆ ತರಲು. ಈ ಡೇರೆಯೊಳಗೆ ಕೂತೇ ಹೋಗಿದ್ದ. ತನ್ನ ತಲೆಯ ಜಿಡ್ಡು ಬಿಟ್ಟು ಹೋಗಿ, ತನ್ನ ಮನೆಯಲ್ಲಿ ಕೈವಸ್ತ್ರ ಹೊದ್ದು ಕುಣಿದಿದ್ದ. ಅವಳು ಆ ಕಲೆಯ ಮೇಲೆ ನಿಂತುಕೊಂಡೇ ಉಳಿದ ಹಲಗೆ ಉಜ್ಜಿದಳು.

ಮುರಿದಲ್ಲಿಗೆ ಮೊಸರು ಸೋಸುವ ಬಟ್ಟೆಯನ್ನು ಪಟ್ಟಿಯಾಗಿ ಹರಿದು ಅಂಟು ಬಳಿದು ಕೂರಿಸಿದಳು. ಅದು ಒಣಗುವುದರೊಳಗೆ ಬಿಸಿಲು ನೆತ್ತಿಗೆ ಬಂದು, ಪಡುವಣದ ಉಲಾನ್ ಗಾಳಿ ಕಣಿವೆಯಿಂದ ಹೊರಟ ಸದ್ದು ಕೇಳಿಸಿತು. ಈ ಊರಿನಲ್ಲಿ ಹುಟ್ಟಿದವರಿಗೆ ಆ ಸದ್ದು ಗೊತ್ತು. ಮೊದಲು ದೂರದ ತಗಡುಗಳು ಮಾತಾಡುತ್ತವೆ, ಆಮೇಲೆ ಪಕ್ಕದ ಮನೆಯದು, ಆಮೇಲೆ ಕಣ್ಣಿಗೆ ಮರಳು. ಅವಳು ಹೊಸ ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ, ಅರ್ಧ ಮಡಚಿ, ಆ ಅರ್ಧಕ್ಕೂ ಹಲಗೆಗೂ ಅಂಟು ಬಳಿದಳು. ಬೆರಳಿಗೆ ಹತ್ತದಷ್ಟು ಆರುವವರೆಗೆ ಕಾಯಬೇಕು. ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರುತ್ತ ಬಂದಳು. ಹಲಗೆಯ ಉಬ್ಬುತಗ್ಗುಗಳೊಳಗೆ ಬಟ್ಟೆ ಇಳಿದು ಕೂತಿತು, ಮಗುವಿನ ಬೆನ್ನಿನ ಹಾಗೆ ನಯವಾಗಿ. ಬೆಳಗಿನಿಂದ ಮೊದಲ ಸಲ ಅವಳ ಮನಸ್ಸಿನೊಳಗಿನ ಜಗಳ ನಿಂತು, ಅಂಗೈಯೊಂದೇ ಉಳಿಯಿತು. ಉಳಿದರ್ಧಕ್ಕೆ ಅಂಟು ಬಳಿದಾಗ ಉಲಾನ್ ಅಂಗಳಕ್ಕೆ ನುಗ್ಗಿತು. ಬಟ್ಟೆ ಹಾಯಿಯಂತೆ ಎದ್ದಿತು.

"ಹಿಡ್ಕೊಳ್ಳಿ," ಎಂದಳು.

ಮೆದೆರ್ ಈ ಸಲ ಓಡಿಬಂದು ಒಂದು ಮೂಲೆ ಹಿಡಿದ. ಅವನು ಹಿಡಿದದ್ದು ಚೆನ್ನಾಗಿಯೇ ಇತ್ತು. ಅವಳು ಮೊಣಕಾಲಿನಲ್ಲಿ ಒಂದು ಅಂಚು ಒತ್ತಿ, ಇನ್ನೊಂದನ್ನು ಎದೆಯಿಂದ ತಡೆದು, ಸವರುತ್ತ ಬರುತ್ತಿದ್ದಳು. ಅವನ ಮೂಲೆಗೆ ಒಂದು ಗೇಣು ಉಳಿದಿದೆ ಎನ್ನುವಾಗ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಬಿಡ್ಬೇಡಿ."

"ಅಣ್ಣಂದು ಕಣೇ."

"ಬಿಡ್ಬೇಡಿ ಅಂದೆ."

ಅವನು ಬಿಟ್ಟ. ಬಟ್ಟೆ ತನಗಿಷ್ಟ ಬಂದ ಕಡೆ ಹೋಗಿ ಕೂತಿತು. ಎಳೆದು ಸರಿಮಾಡುವಷ್ಟರಲ್ಲಿ ಮೂಲೆಯಲ್ಲಿ ಬೆರಳುದ್ದದ ಸುಕ್ಕು ನಿಂತುಬಿಟ್ಟಿತು. ಕಿತ್ತರೆ ಸ್ಪಂಜೇ ಹರಿಯುತ್ತದೆ. ಮೆದೆರ್ ಫೋನಿನಲ್ಲಿ ಹೌದಣ್ಣ, ಹೂಂ ಅಣ್ಣ, ಬಾ ಅಣ್ಣ ಎನ್ನುತ್ತಿದ್ದ. ಸಾಮಾನು ಹೊರಬೇಕಿದ್ದ ಅಣ್ಣನ ಮೈದುನನ ಕಾರಿನ ಇಂಜಿನ್ನು ಕೈಕೊಟ್ಟಿದೆಯಂತೆ, ಹಾಸಿಗೆ ಕಂಬಳಿಗೆಲ್ಲ ಜಾಗವಿಲ್ಲವಂತೆ, ಅಣ್ಣನೇ ಬರುತ್ತಾನಂತೆ. ಅವಳು ಸುಕ್ಕಿನ ಮೇಲೆ ಅಂಗೈಯಿಟ್ಟುಕೊಂಡು ಕೇಳಿದಳು. ಅದು ಹಿಂದಿನ ಸೀಟಿನ ಬಲಮೂಲೆಗೆ ಬರುತ್ತದೆ, ಯಾರಿಗೂ ಕಾಣುವುದಿಲ್ಲ. ಆದರೂ ಕಣ್ಣಲ್ಲಿ ನೀರು ಬಂತು. ಮರಳೆಂದು ಒರೆಸಿಕೊಂಡಳು.

ಭಾವ ಬಂದಾಗ ಹಲಗೆ ಮೇಲೇರಿ, ದೀಪ ಕೂತು, ಕೊನೆಯ ರಬ್ಬರ್ ಪಟ್ಟಿಯನ್ನು ಅವಳು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಹಲಗೆ ಎತ್ತಲು ಮೆದೆರ್ ಒಂದು ಕಡೆ ಕೈಕೊಟ್ಟಿದ್ದ. ಎತ್ತುವಾಗ ಬೆನ್ನು ಹಿಡಿಯಿತೆಂದು ಈಗ ಮಂಚದ ಮೇಲೆ ಕೂತು ಸೊಂಟ ಒತ್ತಿಕೊಳ್ಳುತ್ತಿದ್ದ. ಭಾವ ಟೋಪಿ ತೆಗೆದು ಕಾರಿನೊಳಗೆ ಬಗ್ಗಿದ. ಮುಂದಿನ ಸೀಟಿನಲ್ಲಿ ಕೂತೇಬಿಟ್ಟ. ಮೇಲೆ ನೋಡಿದ. ಬೆರಳಿನಿಂದ ಸವರಿದ. ಅವನ ಮುಖ ನಿಜವಾಗಿ ಅರಳಿತು. ಕೆಟ್ಟ ಮನುಷ್ಯನಾಗಿದ್ದರೆ ಅವಳಿಗೆ ಸುಲಭವಿತ್ತು.

"ಎಲಾ ಇವನಾ. ಕಾರ್ಖಾನೆಯಿಂದ ಬಂದಂಗಿದೆ. ಮೆದೆರ್, ನಿನ್ ಕೈ ಚಿನ್ನ ಕಣೋ."

ಮೆದೆರ್ ಸೊಂಟ ಒತ್ತಿಕೊಳ್ಳುವುದನ್ನು ನಿಲ್ಲಿಸಿದ. ಅವಳತ್ತ ಒಂದು ಸಲ ನೋಡಿದ, ಆಮೇಲೆ ನೆಲ ನೋಡಿದ. ಜಿಪಾರ್‌ಕುಲ್ ಕಾದಳು. ಗಾಳಿ ಹಳೆಯ ಬಟ್ಟೆಯನ್ನು ಅಂಗಳದ ತುಂಬ ಎಳೆದಾಡುತ್ತಿತ್ತು.

"ಗಾಳಿ ಇಲ್ದಿದ್ರೆ ಇನ್ನೂ ಬೇಗ ಆಗ್ತಿತ್ತು," ಎಂದ ಮೆದೆರ್.

ಅಷ್ಟೇ. ಸುಳ್ಳು ಎಂದೂ ಹೇಳುವ ಹಾಗಿಲ್ಲ. ಅವಳ ಕೂದಲಲ್ಲಿ ಹಳದಿ ಪುಡಿಯಿತ್ತು, ಹತ್ತೂ ಬೆರಳಿಗೆ ಅಂಟು ಮೆತ್ತಿ ಚರ್ಮ ಸುಲಿಯುತ್ತಿತ್ತು, ಹಲಗೆ ಕೂತ ನೆತ್ತಿ ಇನ್ನೂ ನೋಯುತ್ತಿತ್ತು. ಇಬ್ಬರು ಗಂಡಸರಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ಗಂಡನ ಅಣ್ಣನ ಹೆಸರನ್ನು ಸೊಸೆಯಾದವಳು ಬಾಯಿಗೆ ತರಬಾರದು. ಗಂಡನ ಹೆಸರನ್ನೂ ಹಿಂದಿನವರು ತರುತ್ತಿರಲಿಲ್ಲ, ಅದು ಅವಳ ಕಾಲಕ್ಕೆ ಸಡಿಲವಾಗಿತ್ತು. ಆದರೆ ಅಣ್ಣನ ಹೆಸರಿನಂಥದೇ ಸದ್ದಿರುವ ಬೇರೆ ಶಬ್ದ ಬಂದರೂ ಅವಳು ಸುತ್ತುಬಳಸಿ ಮಾತಾಡಿದ್ದಳು. ಅಂಗಡಿಯವನ ಹೆಸರು ಅದೇ ಎಂದು ಅವನನ್ನು ಮೂಲೆಯಂಗಡಿಯವನೆಂದು ಕರೆದಿದ್ದಳು. ಈಗ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಆಚೆ ಹೋಯಿತು.

"ಶಾರ್ಶೆನ್," ಎಂದಳು, ಬಾಗಿಲಿನ ರಬ್ಬರನ್ನು ಒತ್ತುತ್ತಲೇ. "ಅದನ್ನ ಮಾಡಿದ್ದು ನಾನು. ಅವರು ಒಂದು ಮೂಲೆ ಹಿಡ್ದಿದ್ರು, ಅದನ್ನೂ ಬಿಟ್ರು. ನಾಳೆ ಕಾರು ಬರುತ್ತೆ. ನಾನು ಓಡಿಸ್ತೀನಿ."

ಮೆದೆರ್ ಮಂಚದಿಂದ ಎದ್ದು ನಿಂತ. ಭಾವ ಕಾರಿನೊಳಗೆ ಕೂತವನು ಕೂತೇ ಇದ್ದ. ಟೋಪಿಯನ್ನು ಮಂಡಿಯ ಮೇಲೆ ಒಮ್ಮೆ ತಿರುಗಿಸಿದ, ಅದರ ಅಂಚು ಹುಡುಕುವವನ ಹಾಗೆ. ಬೈಯುತ್ತಾನೆಂದು ಅವಳು ಕಾದಳು, ಬೈದರೆ ಇನ್ನೂ ಹೇಳುವುದು ಬಹಳ ಇತ್ತು. ಅವನು ಇಳಿದು, ಟೋಪಿ ಹಾಕಿಕೊಂಡು, "ಬೆಳಿಗ್ಗೆ ಬೇಗ ಹೊರಡ್ಬೇಕು," ಎಂದು ಗೋಡೆಗೆ ಹೇಳಿ ಹೊರಟುಹೋದ.

"ಏನ್ ಮಾತಾಡ್ಬಿಟ್ಟೆ ನೀನು," ಎಂದ ಮೆದೆರ್. "ನಾನೇ ಹೇಳೋನಿದ್ದೆ, ಅಷ್ಟ್ರಲ್ಲಿ…"

"ಹೇಳ್ಬೇಕಾಗಿತ್ತು."

ಗೆದ್ದೆನೆಂದು ಅನ್ನಿಸಲಿಲ್ಲ. ಬಾಯಿಯಲ್ಲಿ ಏನೋ ಕದ್ದು ತಿಂದ ರುಚಿಯಿತ್ತು. ಅತ್ತೆ ಇದ್ದಿದ್ದರೆ ಏನೆನ್ನುತ್ತಿದ್ದರು ಎಂದುಕೊಂಡಳು. ಏನೂ ಅನ್ನುತ್ತಿರಲಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದನ್ನು ನೆನೆದು ಬಾವಿಕಟ್ಟೆಯ ಹತ್ತಿರ ಕೂತು ಬಹಳ ಹೊತ್ತು ಕೈ ತಿಕ್ಕಿದಳು.

ಭಾನುವಾರ ಭಾವನ ಮನೆಯ ಮುಂದೆ ಕಾರುಗಳಿಗೆ ಬಿಳಿಯ ರಿಬ್ಬನ್ನು ಕಟ್ಟುತ್ತಿದ್ದರು. ಅವಳ ಕಾರಿಗೂ ಯಾರೋ ಕಟ್ಟಿದರು. ಹಿಂದಿನ ಸೀಟು ಮಡಚಿ ಬೆಗಾಯಿಂಳ ಹಾಸಿಗೆಗಳನ್ನು ಒಂದರ ಮೇಲೊಂದು ಒಟ್ಟಿದರು, ಹೊಸ ಬಟ್ಟೆಗೆ ಒತ್ತುವವರೆಗೆ. ಮದುಮಗಳು ತಂದೆಯ ಜೊತೆ ಮೊದಲನೆಯ ಕಾರಿನಲ್ಲಿ ಕೂತಳು. ಮೆದೆರ್‌ನನ್ನು ಅಣ್ಣ ಎರಡನೆಯ ಕಾರಿಗೆ ಹತ್ತಿಸಿದ. ಜಿಪಾರ್‌ಕುಲ್‌ಳದು ಕೊನೆಯದು. ಯಾರೂ ಅವಳನ್ನು ಬೈಯಲಿಲ್ಲ, ಯಾರೂ ನೋಡಲೂ ಇಲ್ಲ. ಹೊರಡುವಾಗ ಓರಗಿತ್ತಿ ಸೊನುನ್ ಗಂಡನ ಕಾರಿನ ಬಾಗಿಲವರೆಗೆ ಹೋದವಳು, ಹಿಂತಿರುಗಿ ಬಂದು ಇವಳ ಪಕ್ಕ ಕೂತು ಬಾಗಿಲು ಹಾಕಿಕೊಂಡಳು. ಬುದ್ಧಿ ಹೇಳಲು ಕಳಿಸಿದ್ದಾರೆಂದು ಜಿಪಾರ್‌ಕುಲ್ ಹಲ್ಲು ಕಚ್ಚಿದಳು.

ಊರು ದಾಟಿ ಸರೋವರ ಕಂಡಿತು.

"ನಿನ್ನೆ ಹೆಸರು ಹೇಳಿದ್ಯಂತೆ," ಎಂದಳು ಸೊನುನ್.

"ಹೇಳ್ದೆ."

"ಪೂರ್ತಿ ಹೇಳಿದ್ಯಾ? ಇಲ್ಲ ಅರ್ಧ ನುಂಗಿದ್ಯಾ?"

"ಪೂರ್ತಿ ಹೇಳ್ದೆ ಅಕ್ಕ. ಗುರುವಾರ ಅವರು ನಕ್ಕಾಗ ನೀವೂ ನಕ್ರಿ."

"ನಕ್ಕೆ. ಅವರು ನಕ್ಕಾಗ ನಗೋದು ಅಭ್ಯಾಸ ಆಗೋಗಿದೆ ಕಣೇ," ಎಂದಳು ಸೊನುನ್. ಕೈಚೀಲದ ಕೊಂಡಿಯನ್ನು ತೆರೆದಳು, ಹಾಕಿದಳು. "ನಾನು ಒಂದ್ಸಲಾನೂ ಹೇಳಿಲ್ಲ. ಹೆರಿಗೆ ಮನೇಲಿ ತಂದೆ ಹೆಸರೇನು ಅಂತ ಕೇಳಿದ್ರೆ ಪಕ್ಕದೋಳ ಕೈಲಿ ಹೇಳಿಸ್ದೆ. ಹೇಗಿರುತ್ತೆ? ಇನ್ನೊಂದ್ಸಲ ಹೇಳು."

"ನೀವೇ ಹೇಳಿ."

ಸೊನುನ್ ಕಿಟಕಿಯ ಕಡೆ ತಿರುಗಿದಳು. ಶಾ ಎಂದಳು, ನಿಲ್ಲಿಸಿದಳು. ಬಾಯಿಗೆ ಕೈ ಅಡ್ಡ ಹಿಡಿದು, ಸಾಲಿನ ಮುಂದೆ ದೂರದಲ್ಲಿ ಹೋಗುತ್ತಿದ್ದ ಮೊದಲನೆಯ ಕಾರನ್ನು ನೋಡಿದಳು. ಆಮೇಲೆ ಕೈ ತೆಗೆದು, ಬಾಗಿಲು ತಟ್ಟಿ ಯಾರ ಮನೆಯೆಂದು ವಿಚಾರಿಸುವವಳ ದನಿಯಲ್ಲಿ, ಗಂಡನ ಹೆಸರನ್ನು ಹೇಳಿದಳು. ಕಾರು ಒಂದೇ ಸಮ ಹೋಗುತ್ತಿತ್ತು. ಮುಂದಿನ ಕಾರುಗಳ ರಿಬ್ಬನ್ನುಗಳು ಹಾರುತ್ತಿದ್ದವು.

"ಇಷ್ಟೇನಾ?" ಎಂದಳು ಸೊನುನ್.

"ಇಷ್ಟೇ."

"ಇಷ್ಟಕ್ಕೇನಾ…" ಅವಳ ಕೊರಳು ಕೆಂಪಾಗತೊಡಗಿತು. ಜಿಪಾರ್‌ಕುಲ್ ಅಳು ಬರುತ್ತಿದೆಯೆಂದುಕೊಂಡಳು, ಅಳುವಾಗಿರಲಿಲ್ಲ. "ಮೊನ್ನೆ ತಾನೆ ಮಗಳನ್ನ ಕೂರಿಸ್ಕೊಂಡು ಪಾಠ ಮಾಡ್ದೆ ಕಣೇ. ಗಂಡನ ಮನೇಲಿ ಮಾವನ ಹೆಸರು ಹೇಳ್ಬಾರ್ದು, ಭಾವಂದಿರ ಹೆಸರು ಹೇಳ್ಬಾರ್ದು, ಸತ್ತಿರೋ ಅಜ್ಜನ ಹೆಸರೂ ಹೇಳ್ಬಾರ್ದು ಅಂತ. ಅವಳು ಯಾಕಮ್ಮ ಅಂದ್ಲು. ಯಾಕೆ ಅಂತ ಕೇಳಿದ್ದಕ್ಕೆ ನಾನು ಹೊಡ್ದೆ. ಮದುವೆ ಹೆಣ್ಣಿಗೆ ಹೊಡ್ದೆ." ಕೈಚೀಲವನ್ನು ಕಾಲ ಬಳಿ ಎಸೆದಳು. "ಹೋಗು ಮುಂದೆ. ಆ ಮೊದಲನೇ ಕಾರಿನ ಪಕ್ಕಕ್ಕೆ ತಗೊಂಡು ಹೋಗು. ಕರಾಕೋಲ್ ಬರೋದ್ರೊಳಗೆ ನಾನು ಅವಳ ಹತ್ರ ಮಾತಾಡ್ಬೇಕು."

"ಅಕ್ಕ, ಹಿರಿಯರ ಕಾರು ದಾಟೋ ಹಂಗಿಲ್ಲ."

"ಯಾರು ಹೇಳಿದ್ದು?"

ಜಿಪಾರ್‌ಕುಲ್ ಕನ್ನಡಿ ನೋಡಿದಳು. ಅದರ ತುಂಬ ಹಾಸಿಗೆಗಳ ಹೂವಿನ ಬಟ್ಟೆ, ರಸ್ತೆ ಕಾಣುತ್ತಿರಲಿಲ್ಲ. ಕಿಟಕಿ ಇಳಿಸಿ, ಕತ್ತು ಆಚೆ ಹಾಕಿ, ಹಿಂದೆ ಮುಂದೆ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು, ಗೇರು ಬದಲಿಸಿದಳು. ಎರಡನೆಯ ಕಾರನ್ನು ದಾಟುವಾಗ ಗಾಜಿನಾಚೆ ಮೆದೆರ್‌ನ ಬಾಯಿ ತೆರೆದುಕೊಂಡದ್ದು ಕಂಡಿತು. ಸೊನುನ್ ಆಗಲೇ ತನ್ನ ಕಡೆಯ ಗಾಜು ಇಳಿಸಿ, ಗಾಳಿಗೆ ಹಾರುವ ತಲೆವಸ್ತ್ರವನ್ನು ಒಂದು ಕೈಯಲ್ಲಿ ಹಿಡಿದು, ಮಗಳನ್ನು ಕೂಗಲು ಉಸಿರು ತುಂಬಿಕೊಳ್ಳುತ್ತಿದ್ದಳು.